ಒದ್ದೆ ಬಟ್ಟೆಯ ತೂಕ

ಸಂದರ್ಶನ ಚೆನ್ನಾಗಿ ಆಯಿತು ಎಂದು ನಾನು ನಂಬಿದ್ದು ಒಟ್ಟು ಹದಿನೇಳು ಗಂಟೆ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಕನ್ಸಲ್ಟಿಂಗ್ ಕಂಪನಿಯ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದಾಗಿನಿಂದ ಶನಿವಾರ ಬೆಳಿಗ್ಗೆ ಎಂಟಕ್ಕೆ ಅಕ್ಕ ನನ್ನ ಕೈಗೆ ಒದ್ದೆ ಬಟ್ಟೆಯ ಬಕೆಟ್ಟು ಕೊಡುವವರೆಗೆ.

ನಾನು ಕೆಲಸ ಮಾಡುವುದು ಧಾನ್ಯ, ಹಿಟ್ಟು, ಪಶು ಆಹಾರಗಳನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ. ಹನ್ನೊಂದು ವರ್ಷದಿಂದ ನನ್ನ ಪಾಲಿನ ಕೆಲಸ ಒಂದೇ: ಯಾವ ವಸ್ತುವಿನಲ್ಲಿ ನೀರು ಎಷ್ಟಿದೆ ಎಂದು ಹೇಳುವುದು. ಮುಚ್ಚಳದ ಬಟ್ಟಲಿನಲ್ಲಿ ಐದು ಗ್ರಾಂ ಹಿಟ್ಟು ತೂಗಿ, ನೂರೈದು ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ, ತಣಿಸಿ, ಮತ್ತೆ ತೂಗುತ್ತೇನೆ. ಎರಡು ಸಲದ ತೂಕ ಒಂದೇ ಬರುವವರೆಗೆ ಇದನ್ನೇ ಮಾಡುತ್ತೇನೆ. ಕಳೆದುಹೋದದ್ದು ನೀರು. ವರದಿಯ ಕೊನೆಯಲ್ಲಿ, ಈ ಅಂಕಿ ಎಷ್ಟು ಆಚೀಚೆ ಇರಬಹುದು ಎಂಬ ಒಂದು ಸಾಲು ಸೇರಿಸಿ ಸಹಿ ಹಾಕುತ್ತೇನೆ. ಆ ಸಾಲಿಲ್ಲದ ವರದಿಗೆ ಈವರೆಗೆ ಸಹಿ ಹಾಕಿಲ್ಲ. ಮನೆಯಲ್ಲಿ ನನಗೆ ತಕ್ಕಡಿ ಎಂದು ಹೆಸರು.

ಈ ವರ್ಷ ನಮ್ಮ ವಿಭಾಗವನ್ನೇ ಮುಚ್ಚುವುದೆಂದು ತೀರ್ಮಾನವಾಯಿತು. ತೇವದ ಪರೀಕ್ಷೆಯನ್ನು ಇನ್ನು ಮುಖ್ಯ ಕಚೇರಿಯ ಯಂತ್ರವೊಂದು ಎರಡು ನಿಮಿಷದಲ್ಲಿ ಮಾಡುತ್ತದಂತೆ. ನನಗೆ ಉಗ್ರಾಣದಲ್ಲಿ ಜಾಗ ಕೊಡುತ್ತೇವೆ ಎಂದರು: ಸೀಸೆ, ಮುಚ್ಚಳ, ಕೈಗವಸುಗಳನ್ನು ಎಣಿಸಿ ಕೊಡುವ ಕೆಲಸ. ಒಪ್ಪಿಗೆಯ ಕಾಗದಕ್ಕೆ ಸಂದರ್ಶನದ ಮರುವಾರದ ಶುಕ್ರವಾರದೊಳಗೆ ಸಹಿ ಹಾಕಬೇಕು. ಹಾಕದಿದ್ದರೆ ತಿಂಗಳ ಕೊನೆಗೆ ನಮಸ್ಕಾರ.

ಬೇರೆ ಕಂಪನಿಗಳಿಗೆ ಏನು ಮಾಡಬೇಕೆಂದು ಸಲಹೆ ಕೊಡುವ ಆ ಕನ್ಸಲ್ಟಿಂಗ್ ಕಂಪನಿಯ ಜಾಹೀರಾತಿಗೆ ಅರ್ಜಿ ಹಾಕಿದ್ದು ಉಗ್ರಾಣದಿಂದ ತಪ್ಪಿಸಿಕೊಳ್ಳಲು ಮಾತ್ರ ಎಂದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷ ನಾನು ಬರೆದ ಅಂಕಿಗಳು ಎಲ್ಲಿಗೆ ಹೋದವು, ಅವುಗಳನ್ನು ಹಿಡಿದುಕೊಂಡು ಯಾರು ಏನು ತೀರ್ಮಾನಿಸಿದರು ಎಂದು ನನಗೆ ತಿಳಿದದ್ದು ಬಹಳ ಕಡಿಮೆ. ತೇವ ಹೆಚ್ಚಿದ್ದ ಗೋಧಿಯನ್ನು ಉಳಿಸಿಕೊಂಡರೋ ಎಸೆದರೋ, ಆ ಮಾತು ನಡೆಯುವ ಕೋಣೆಯೇ ಬೇರೆ. ಆ ಕೋಣೆಯಲ್ಲಿ ನನಗೂ ಒಂದು ಕುರ್ಚಿ ಬೇಕಾಗಿತ್ತು.

ಭಾವ, ಅಂದರೆ ಅಕ್ಕನ ಗಂಡ, ಪಂಪು ತಯಾರಿಸುವ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಜನರನ್ನು ಸಂದರ್ಶನ ಮಾಡುತ್ತಾ ಬಂದವರು. ನನ್ನನ್ನು ತಯಾರು ಮಾಡುವ ಹೊಣೆಯನ್ನು ಯಾರೂ ಕೇಳದೆಯೇ ವಹಿಸಿಕೊಂಡರು. ಎರಡು ವಾರ ಪ್ರತಿ ಸಂಜೆ ಊಟದ ಮೇಜಿನ ಆ ಬದಿಗೆ ಕೂತು ಪ್ರಶ್ನೆ ಹಾಕುತ್ತಿದ್ದರು. ನಾನು ‘ಬಹುಶಃ’, ‘ಸುಮಾರು’, ‘ಇರಬಹುದು’ ಎಂದಾಗಲೆಲ್ಲ ಚಮಚದಿಂದ ಗ್ಲಾಸಿಗೆ ಟಣ್ ಎಂದು ಬಡಿಯುತ್ತಿದ್ದರು. ಮೊದಲ ಸಂಜೆ ಗ್ಲಾಸಿಗೆ ಬಿಡುವೇ ಇರಲಿಲ್ಲ. ಇದೇನು ಮನೆಯೋ ಬೆಂಕಿ ಆರಿಸುವವರ ಠಾಣೆಯೋ ಎಂದು ಅಕ್ಕ ಒಳಗಿನಿಂದ ಕೇಳಿದಳು.

“ನೋಡು ತಕ್ಕಡಿ, ಅವರಿಗೆ ಬೇಕಾಗಿರೋದು ನಿನ್ನ ಲೆಕ್ಕ ಅಲ್ಲ, ನಿನ್ನ ಧೈರ್ಯ,” ಎಂದರು ಭಾವ. “ಎಷ್ಟು ಖಚಿತ ಅಂತ ಕೇಳಿದ್ರೆ ನೂರಕ್ಕೆ ನೂರು ಅನ್ನು. ತೊಂಬತ್ತೆಂಟು ಅಂದ್ಯೋ, ಉಳಿದ ಎರಡನ್ನ ಹಿಡ್ಕೊಂಡು ಜಗ್ಗಾಡ್ತಾರೆ.”

ಎರಡು ವಾರದಲ್ಲಿ ಗ್ಲಾಸು ಮೌನವಾಯಿತು. ನಾನು ಬದಲಾದೆ ಎಂದು ಭಾವನಿಗೂ ನನಗೂ ಸಮಾಧಾನ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ಬೋಳುತಲೆಯ ಹಿರಿಯರೊಬ್ಬರು ಮಧ್ಯದಲ್ಲಿ. ಅವರ ಬಲಕ್ಕೆ ಎಲ್ಲವನ್ನೂ ಬರೆದುಕೊಳ್ಳುವ ಒಬ್ಬಾಕೆ. ಎಡಕ್ಕೆ ಫೋನಿನಲ್ಲಿ ಸಮಯ ನೋಡುವ ಒಬ್ಬ ಯುವಕ. ಒಂದು ಹಾಳೆ ಕೊಟ್ಟು ಇಪ್ಪತ್ತು ನಿಮಿಷ ಎಂದರು. ಒಂದು ಕಂಪನಿ ಆಸ್ಪತ್ರೆಗಳ ಹಾಸು, ಹೊದಿಕೆ, ಗೌನುಗಳನ್ನು ತೊಳೆದು ಕೊಡುತ್ತದೆ. ಅದಕ್ಕೆ ಎರಡು ಘಟಕ, ಹಳೆಯದು ಮತ್ತು ಹೊಸದು. ಒಂದನ್ನು ಮುಚ್ಚಬೇಕು. ಯಾವುದನ್ನು? ಹಳೆಯದರಲ್ಲಿ ಅರವತ್ತನಾಲ್ಕು ಜನ ದಿನಕ್ಕೆ ನಾಲ್ಕು ಸಾವಿರದ ಎಂಟುನೂರು ಕಿಲೋ ಬಟ್ಟೆ ತೊಳೆಯುತ್ತಾರೆ. ಹೊಸದರಲ್ಲಿ ಎಪ್ಪತ್ತು ಜನ, ಆರು ಸಾವಿರದ ಮುನ್ನೂರು ಕಿಲೋ. ಉಳಿದ ಖರ್ಚುಗಳೆಲ್ಲ ಹೆಚ್ಚುಕಡಿಮೆ ಸಮ.

ಒಬ್ಬರ ಪಾಲಿಗೆ ಹಳೆಯದರಲ್ಲಿ ಎಪ್ಪತ್ತೈದು ಕಿಲೋ, ಹೊಸದರಲ್ಲಿ ತೊಂಬತ್ತು. ಹನ್ನೆರಡನೆಯ ನಿಮಿಷಕ್ಕೆ ನಾನು ಎದ್ದು ನಿಂತು ಬೋರ್ಡಿನ ಮೇಲೆ ಬರೆದು, ಹಳೆಯದನ್ನು ಮುಚ್ಚಿ ಎಂದೆ. ಆಕೆ ಬರೆದುಕೊಂಡರು. ಯುವಕ ಫೋನು ಮಗುಚಿಟ್ಟ. ಎಷ್ಟು ಖಚಿತವಾಗಿ ಹೇಳುತ್ತೀರಿ ಎಂದು ಹಿರಿಯರು ಕೇಳಿದರು.

“ನೂರಕ್ಕೆ ನೂರು,” ಎಂದೆ.

ಹಿರಿಯರು ತಲೆದೂಗಿ, ಚೆನ್ನಾಗಿದೆ, ಒಂದು ವಾರದಲ್ಲಿ ತಿಳಿಸುತ್ತೇವೆ ಎಂದರು. ಆ ಸಂಜೆ ಭಾವ ಮನೆಗೆ ಐಸ್‌ಕ್ರೀಮು ತಂದರು.

ಮರುದಿನ ಬೆಳಿಗ್ಗೆ ವಾಷಿಂಗ್ ಮೆಷಿನ್ನಿನಿಂದ ತೆಗೆದ ನಾಲ್ಕು ಹಾಸುಗಳನ್ನು ಬಕೆಟ್ಟಿಗೆ ತುರುಕಿ, ಮಹಾರಾಣಿಯವರು ಇವನ್ನಾದರೂ ಒಣಗಿಸಿ ಬರಲಿ ಎಂದು ಅಕ್ಕ ಕೊಟ್ಟಳು. ನಮ್ಮದು ಮೂರನೆಯ ಮಹಡಿ. ತಾರಸಿಗೆ ಇನ್ನೂ ಎರಡು ಸುತ್ತು ಮೆಟ್ಟಿಲು. ಹಿಂದಿನ ರಾತ್ರಿ ಇವೇ ಹಾಸುಗಳನ್ನು ಕಂಕುಳಲ್ಲಿ ಅವುಚಿಕೊಂಡು ಮೆಷಿನ್ನಿಗೆ ಹಾಕಿದ್ದವಳು ನಾನೇ. ಈಗ ಬಕೆಟ್ಟಿನ ಹಿಡಿ ಬೆರಳುಗಳಿಗೆ ಕೊರೆಯುತ್ತಿತ್ತು. ಮೊದಲ ಸುತ್ತಿನ ತಿರುವಿನಲ್ಲಿ ನಾನು ನಿಂತುಬಿಟ್ಟೆ. ಭಾರಕ್ಕಲ್ಲ.

ಸಂದರ್ಶನದ ಹಾಳೆಯ ಕೋಷ್ಟಕದ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಒಂದು ಸಾಲಿತ್ತು. ಹಳೆಯ ಘಟಕ: ಒಳಬಂದ ಬಟ್ಟೆಯ ತೂಕ. ಹೊಸ ಘಟಕ: ಯಂತ್ರದಿಂದ ಇಳಿಸಿದ ತೂಕ.

ಒಂದು ಒಣ ಬಟ್ಟೆಯ ತೂಕ. ಇನ್ನೊಂದು ಒದ್ದೆ ಬಟ್ಟೆಯದು. ನಾನು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗಿದ್ದೆ. ಹೊಸ ಘಟಕದ ಆರು ಸಾವಿರದ ಮುನ್ನೂರರಲ್ಲಿ ನೀರೆಷ್ಟು, ಬಟ್ಟೆಯೆಷ್ಟು? ಪ್ರಪಂಚದಲ್ಲಿ ಯಾರು ಬೇಕಾದರೂ ಈ ಪ್ರಶ್ನೆ ಮರೆಯಬಹುದು. ಹನ್ನೊಂದು ವರ್ಷ ಬೇರೇನನ್ನೂ ಕೇಳದ ನಾನು ಮರೆತಿದ್ದೆ. ಮರೆತದ್ದಲ್ಲದೆ ನೂರಕ್ಕೆ ನೂರು ಎಂದಿದ್ದೆ. ತಾರಸಿಗೆ ಹೋಗಿ ಹಾಸುಗಳನ್ನು ಹರಡಿದೆನಂತೆ; ಅಕ್ಕ ಹೇಳಿದ್ದರಿಂದ ಗೊತ್ತು, ನನಗೆ ನೆನಪಿಲ್ಲ. ಎರಡನ್ನು ತಿರುವುಮುರುವು ಹಾಕಿದ್ದೆನಂತೆ.

ಕೆಳಗೆ ಬಂದು ಕಾಗದ ತೆಗೆದುಕೊಂಡೆ. ಮನಸ್ಸನ್ನು ಹಿಡಿತಕ್ಕೆ ತರಲು ನನಗೆ ಗೊತ್ತಿರುವ ಉಪಾಯ ಅದೊಂದೇ. ತೊಂಬತ್ತನ್ನು ಎಪ್ಪತ್ತೈದರಿಂದ ಭಾಗಿಸಿದರೆ ಒಂದು ಪಾಯಿಂಟ್ ಎರಡು. ಅಂದರೆ ಒಂದು ಕಿಲೋ ಒಣ ಬಟ್ಟೆ ತೊಳೆದು ಹಿಂಡಿದ ಮೇಲೆ ಒಂದು ಕಿಲೋ ಇನ್ನೂರು ಗ್ರಾಂ ದಾಟಿದರೆ ಸಾಕು, ನನ್ನ ಉತ್ತರ ತಲೆಕೆಳಗು. ಎಷ್ಟು ದಾಟುತ್ತದೆ ಎಂಬುದು ಕರಾರುವಾಕ್ಕಾಗಿ ಗೊತ್ತಾಗಬೇಕೆಂದೇನೂ ಇಲ್ಲ. ಗೆರೆಯ ಈ ಕಡೆಯೋ ಆ ಕಡೆಯೋ, ಅಷ್ಟು ಗೊತ್ತಾದರೆ ಆಯಿತು.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದ ಮೇಲ್ವಿಚಾರಕಿ. ಮಧ್ಯಾಹ್ನವೇ ಹೋದೆ. ನೆಲಮಾಳಿಗೆಯ ಉದ್ದನೆಯ ಕೋಣೆ. ಗೋಡೆಗೆ ಬಿಸಿ ಕೊಳವೆಗಳು. ಒಂದು ಬದಿಗೆ ಮನುಷ್ಯನೆತ್ತರದ ಮೂರು ಯಂತ್ರ. ಯಂತ್ರಗಳ ಸದ್ದಿನ ಮೇಲೆ ಮೂವತ್ತು ವರ್ಷ ಮಾತಾಡಿ ಚಿಕ್ಕಮ್ಮನ ಧ್ವನಿ ಮನೆಯಲ್ಲೂ ಆ ಎತ್ತರದಿಂದ ಇಳಿಯುವುದಿಲ್ಲ. ಇಂಟರ್‌ವ್ಯೂ ಏನಾಯಿತು ಎಂದು ಅವಳು ಕೇಳಿದ್ದು ಇಡೀ ನೆಲಮಾಳಿಗೆಗೆ ತಿಳಿಯಿತು. ಅದಕ್ಕೇ ಬಂದೆ, ನನಗೆ ನಿನ್ನ ತೂಕದ ಯಂತ್ರ ಬೇಕು ಎಂದೆ.

ಚಿಕ್ಕಮ್ಮ ಒಗೆಯುವ ಮುಂಚೆ ಮೂರು ಗಾಡಿ ಬಟ್ಟೆ ತೂಗಿಸಿದಳು; ಯಂತ್ರ ಹಿಂಡಿ ಮುಗಿಸಿದ ಮೇಲೆ ಅವೇ ಮೂರನ್ನು ಮತ್ತೆ ತೂಗಿಸಿದಳು. ನಾನು ಒದ್ದೆ ತೂಕವನ್ನು ಒಣ ತೂಕದಿಂದ ಭಾಗಿಸಿ ಬರೆದುಕೊಂಡೆ. ಒಂದು ಪಾಯಿಂಟ್ ನಾಲ್ಕು ಎಂಟು, ಒಂದು ಪಾಯಿಂಟ್ ಐದು ಎರಡು, ಒಂದು ಪಾಯಿಂಟ್ ಐದು ಒಂದು. ಕೊಳೆ ಬಟ್ಟೆಯಲ್ಲೂ ಸ್ವಲ್ಪ ಪಸೆ ಇರುತ್ತದೆ, ಯಂತ್ರ ಹಳತಾದಷ್ಟೂ ಹಿಂಡುವುದು ಕಡಿಮೆ. ಎರಡನ್ನೂ ಬದಿಯಲ್ಲಿ ನಮೂದಿಸಿದೆ. ಏನೇ ಜಗ್ಗಿದರೂ ಒಂದು ಪಾಯಿಂಟ್ ಎರಡಕ್ಕೆ ಇಳಿಯುವಂತಿರಲಿಲ್ಲ. ಒಂದೂವರೆ ಎಂದು ಹಿಡಿದರೆ ಹೊಸ ಘಟಕದಲ್ಲಿ ಒಬ್ಬರ ಪಾಲಿಗೆ ಬರುವ ಬಟ್ಟೆ ಅರವತ್ತು ಕಿಲೋ. ಹಳೆಯದರಲ್ಲಿ ಎಪ್ಪತ್ತೈದು. ನಾನು ಚೆನ್ನಾಗಿ ಕೆಲಸ ಮಾಡುವವರನ್ನೇ ಮನೆಗೆ ಕಳಿಸಿದ್ದೆ.

ಹೊಸ ಘಟಕದವರು ಒದ್ದೆ ಬಟ್ಟೆ ಯಾಕೆ ತೂಗುತ್ತಾರೆ, ಮೋಸಕ್ಕೋ ಎಂದು ಕೇಳಿದೆ. ಮೋಸವೂ ಇಲ್ಲ ಮಣ್ಣೂ ಇಲ್ಲ ಎಂದಳು ಚಿಕ್ಕಮ್ಮ. ಹೊಸ ಯಂತ್ರಗಳಲ್ಲಿ ಬಟ್ಟೆ ಹೊರಬೀಳುವ ಬಾಯಲ್ಲೇ ತೂಗುವ ಬೆಲ್ಟು ಇರುತ್ತದೆ, ಅದರಷ್ಟಕ್ಕೆ ಅದು ಬರೆದುಕೊಳ್ಳುತ್ತದೆ. ರಕ್ತ, ವಾಂತಿ ಮೆತ್ತಿದ ಬಟ್ಟೆಯನ್ನು ಕೈಯಲ್ಲಿ ಎತ್ತಿ ತೂಗುವ ಕಷ್ಟ ತಪ್ಪುತ್ತದಲ್ಲ. ಆಮೇಲೆ ಅವಳು ಹಳೆಯ ಘಟಕದಲ್ಲಿ ಎಷ್ಟು ಜನ ಎಂದು ಕೇಳಿದಳು.

“ಅರವತ್ತನಾಲ್ಕು. ಹೊಸದ್ರಲ್ಲಿ ಎಪ್ಪತ್ತು. ಆದ್ರೆ ಅದು ಪರೀಕ್ಷೆಗೆ ಅಂತ ಕಟ್ಟಿದ ಲೆಕ್ಕ, ಚಿಕ್ಕಮ್ಮ. ನಿಜವಾದ ಜನ ಅಲ್ಲ.”

“ಕಟ್ಟೋ ಲೆಕ್ಕಕ್ಕೆ ಅರವತ್ತನಾಲ್ಕು ಅಂತ ಯಾರು ಬರೀತಾರೆ? ಅರವತ್ತು ಅಂತ ಬರೀತಾರೆ. ಎಪ್ಪತ್ತು ಬಿಡು, ಅದು ಹೆಂಗೋ ಬಂದಿರುತ್ತೆ. ಅರವತ್ತನಾಲ್ಕು ಅಂದ್ರೆ ಯಾರೋ ಹಾಜರಿ ಪುಸ್ತಕ ನೋಡಿ ಎಣಿಸಿದ್ದಾರೆ ಕಣೇ.”

ಇದು ನನಗೆ ಹೊಳೆದಿರಲಿಲ್ಲ. ಚಿಕ್ಕಮ್ಮ ಹಾಗೆ ಹೇಳಿ ಗಾಡಿಯೊಂದನ್ನು ಸೊಂಟದಿಂದ ನೂಕಿಕೊಂಡು ಹೋದಳು. ಅವಳ ಹಿಂದೆ ಆ ಕೋಣೆಯಲ್ಲಿ ಎಷ್ಟು ಜನ ಬಾಗಿ, ಎತ್ತಿ, ಮಡಚುತ್ತಿದ್ದಾರೆ ಎಂದು ನಾನು ಸುಮ್ಮನೆ ಎಣಿಸಿದೆ. ಹತ್ತೊಂಬತ್ತು.

ಭಾನುವಾರ ಮನೆಯಲ್ಲಿ ಪಂಚಾಯಿತಿ ಕೂತಿತು. ಆ ಕಂಪನಿಗೆ ಬರೆದು ತಿಳಿಸುತ್ತೇನೆ ಎಂದು ನಾನು ಹೇಳಿದ್ದೇ ತಡ, ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಬಹಳ ತಾಳ್ಮೆಯಿಂದ ಬೆರಳು ಮಡಚಿ ವಿವರಿಸಿದರು. ಒಂದು, ಆ ಸಣ್ಣ ಸಾಲು ಅವರು ಬೇಕೆಂದೇ ಇಟ್ಟ ಬಲೆ ಆಗಿರಬಹುದು. ಹಾಗಿದ್ದರೆ ನಾನು ಆಗಲೇ ಬಿದ್ದಾಗಿದೆ, ಈಗ ಬರೆದರೆ ಪರೀಕ್ಷೆ ಮುಗಿದ ಮೇಲೆ ಉತ್ತರ ಕಳಿಸಿದ ಹಾಗೆ. ಎರಡು, ಅದು ಅವರಿಗೇ ಗೊತ್ತಿಲ್ಲದೆ ಇರಬಹುದು. ಹಾಗಿದ್ದರೆ ನಾನು ಪಾಸಾಗಿದ್ದೇನೆ, ಬರೆದರೆ ಅವರ ಮುಖಕ್ಕೆ ಮಸಿ. ಮೂರು, ಅಂಥ ಸಾಲೇ ಇಲ್ಲದೆ ನನ್ನ ನೆನಪು ನನಗೆ ಆಟ ಆಡಿಸುತ್ತಿರಬಹುದು. ಆಗ ಬರೆದರೆ ಹುಚ್ಚಿ ಅನ್ನುತ್ತಾರೆ. ಮೂರರಲ್ಲಿ ಎರಡು ಕಡೆ ಸುಮ್ಮನಿದ್ದರೆ ಕೆಲಸ ಸಿಗುತ್ತದೆ. ಮೂರರಲ್ಲಿ ಒಂದು ಕಡೆಯೂ ಬರೆದರೆ ಲಾಭವಿಲ್ಲ. ಈಗ ಕಳಿಸಬೇಕಾದದ್ದು ಅವಕಾಶ ಕೊಟ್ಟದ್ದಕ್ಕೆ ಕೃತಜ್ಞತೆಯ ನಾಲ್ಕು ಸಾಲು. ಅದನ್ನು ಅವರು ಬರೆದೂ ಇಟ್ಟಿದ್ದರು.

ಭಾವನ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಹತ್ತು ನಿಮಿಷ ಹಿಡಿಯಿತು. ತಪ್ಪೇ ಇರಲಿಲ್ಲ. ಅವರು ಉತ್ತರಿಸಿದ್ದ ಪ್ರಶ್ನೆ ಮಾತ್ರ ಬೇರೆ. ಬರೆದರೆ ನನಗೇನು ಸಿಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಅವರು ಹೇಳಿದ ಮೂರರಲ್ಲಿ ಯಾವುದು ನಿಜ ಎಂದು ನನಗೆ ತಿಳಿಯುವ ದಾರಿಯಿರಲಿಲ್ಲ, ಮತ್ತು ಮೂರರಲ್ಲೂ ಒದ್ದೆ ಬಟ್ಟೆ ಒದ್ದೆಯಾಗಿಯೇ ಇತ್ತು. ನಾನು ಬರೆಯಬೇಕಾದ ಕಾಗದ ಮೂರು ಸಂದರ್ಭಕ್ಕೂ ಒಂದೇ. ಇದು ಹೊಳೆದಾಗ ಎರಡು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಪಕ್ಕಕ್ಕೆ ಸರಿದಂತಾಯಿತು. ಅವರು ಏನು ಯೋಚಿಸುತ್ತಿದ್ದಾರೋ ಎಂದು ಊಹಿಸುವ ಕೆಲಸ ನನ್ನದಲ್ಲ.

“ಭಾವ, ನಾನು ತಪ್ಪು ಅಂಕಿಗೆ ನೂರಕ್ಕೆ ನೂರು ಅಂತ ಸಹಿ ಹಾಕಿ ಬಂದಿದ್ದೀನಿ,” ಎಂದೆ. “ಅದನ್ನ ತಿದ್ದದೆ ಬಿಟ್ರೆ, ಕೆಲಸ ಸಿಕ್ಕಿದ ಮೇಲೆ ಅಲ್ಲಿ ಕೂತು ಏನು ಮಾಡ್ಲಿ?”

“ಸಂಬಳ ತಗೋ. ಎಲ್ಲರೂ ಅದನ್ನೇ ಮಾಡೋದು.”

“ಸಾಕು ಬಿಡಿ,” ಎಂದಳು ಅಕ್ಕ. “ಅವಳು ಕಳಿಸದೆ ಇದ್ರೆ ಈ ಮನೆಯಲ್ಲಿ ಯಾರ ಕಣ್ಣಿಗೂ ನಿದ್ದೆ ಇರಲ್ಲ. ಚಿಕ್ಕವಳಿದ್ದಾಗ ಟೀಚರ್ ಎರಡು ಮಾರ್ಕು ಜಾಸ್ತಿ ಕೊಟ್ರು ಅಂತ ವಾಪಸ್ ಕೊಡೋಕೆ ಹೋಗಿದ್ದಳು ಇವಳು. ಟೀಚರ್ ಬೈದು ಕಳಿಸಿದ್ರು.”

ಬೈದದ್ದು ನಿಜ. ಅದನ್ನು ಭಾವನ ಮುಂದೆ ಎತ್ತುವ ಅಗತ್ಯ ಇರಲಿಲ್ಲ.

ಕಾಗದ ಒಂದು ಪುಟ ದಾಟದಂತೆ ಬರೆದೆ. ಮೊದಲ ಸಾಲಿನಲ್ಲೇ, ಶುಕ್ರವಾರ ನಾನು ಕೊಟ್ಟ ಉತ್ತರ ತಪ್ಪು ಎಂದು ಹೇಳಿದೆ. ಆಮೇಲೆ ಕಾರಣ, ಮೂರು ಗಾಡಿಗಳ ತೂಕ, ಒಂದು ಪಾಯಿಂಟ್ ಎರಡರ ಗೆರೆ. ಹಾಳೆಯ ಅಡಿಯ ಸಾಲನ್ನು ನೆನಪಿನಿಂದ ಬರೆದಿದ್ದೇನೆ, ಮೂಲ ಹಾಳೆಯೊಂದಿಗೆ ಹೋಲಿಸಿ ನೋಡಿ ಎಂದೂ ಸೇರಿಸಿದೆ. ಕ್ಷಮಿಸಿ ಎಂದು ಒಮ್ಮೆ ಬರೆದು ಅಳಿಸಿದೆ. ತಪ್ಪು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕಾಲು ಹಿಡಿಯಲು ಇದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಿರಿಯರ ವಿಳಾಸಕ್ಕೆ ಮೇಲ್ ಮಾಡಿ ಫೋನು ಬ್ಯಾಗಿನೊಳಗೆ ಹಾಕಿದೆ.

ಸೋಮವಾರ ಉತ್ತರ ಬರಲಿಲ್ಲ. ಮಂಗಳವಾರವೂ ಇಲ್ಲ. ಧೈರ್ಯ ಎನ್ನುವುದು ಮೇಲ್ ಕಳಿಸಿದ ಗಳಿಗೆಯಲ್ಲಿ ಇರುವಷ್ಟು ಮಂಗಳವಾರ ಮಧ್ಯಾಹ್ನದ ಮೂರು ಗಂಟೆಗೆ ಇರುವುದಿಲ್ಲ. ಬ್ಯಾಗಿನೊಳಗಿನ ಫೋನು ಗುಂಯ್ ಎಂದಂತಾಗಿ ಐದು ಸಲ ತೆಗೆದು ನೋಡಿದೆ. ತೂಕದ ಕೋಣೆಯಲ್ಲಿ ಕಾಲಿನ ಹತ್ತಿರವೇ ಬ್ಯಾಗಿದ್ದರೆ ಮನಸ್ಸು ನಿಲ್ಲದು ಎಂದು ಅದನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ. ನನ್ನ ಜೊತೆ ಉಗ್ರಾಣಕ್ಕೆ ಹೋಗಬೇಕಾದ ಸಹೋದ್ಯೋಗಿಯೊಬ್ಬಳು ಆಗಲೇ ಸಹಿ ಹಾಕಿ, ಅಲ್ಲಿ ಕಿಟಕಿ ಪಕ್ಕದ ಮೇಜು ತನಗೆ ಎಂದು ಹೇಳಿಟ್ಟಿದ್ದಳು. ಇನ್ನೊಂದು ಮೇಜು ಶೌಚಾಲಯದ ಗೋಡೆಗೆ ತಾಗಿದ್ದು. ನೀನು ಹೀಗೇ ನಿಧಾನ ಮಾಡು, ನಲ್ಲಿ ಸದ್ದು ಕೇಳ್ತಾ ಕೂತಿರು ಎಂದು ಅವಳು ನಗೆಯಾಡಿದಳು. ಬುಧವಾರ ಸಂಜೆ ಭಾವ ಏನೂ ಕೇಳಲಿಲ್ಲ. ಅವರು ಕೇಳದಿದ್ದದ್ದೇ ಹೆಚ್ಚು ಚುಚ್ಚಿತು.

ಆ ದಿನ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಅವರು ಬೇಡ ಎಂದರೂ ಸರಿ, ಬೇಕು ಎಂದರೂ ಸರಿ, ಉತ್ತರವೇ ಕೊಡದಿದ್ದರೂ ಸರಿ. ನನ್ನ ಬೆನ್ನು ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಅವರ ಮೇಲ್ ಬೇಕಾಗಿಲ್ಲ. ಇದನ್ನು ದಿನಕ್ಕೆ ಇಪ್ಪತ್ತು ಸಲ ಹೇಳಿಕೊಳ್ಳಬೇಕಾಗುತ್ತಿತ್ತು ಎಂಬುದೂ ನಿಜ. ಹೇಳಿಕೊಂಡೆ.

ಗುರುವಾರ ಹನ್ನೊಂದೂವರೆಗೆ ಬೀರು ತೆಗೆದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಆ ಹಿರಿಯರು. ನಾನು ಮೆಟ್ಟಿಲ ಬದಿಗೆ ಹೋಗಿ ನಿಂತೆ.

ಆ ಸಾಲು ಹಾಳೆಯಲ್ಲಿ ಇದೆ, ನಿಮ್ಮ ನೆನಪು ಸರಿ ಎಂದರು ಮೊದಲಿಗೆ. ಅದು ಬಲೆಯಲ್ಲ. ಒಂಬತ್ತು ವರ್ಷದ ಹಿಂದೆ ಆ ಹಾಳೆಯನ್ನು ತಯಾರಿಸಿದವರು ಅವರೇ. ಗ್ರಾಹಕರ ಕಡತದಿಂದ ಅಡಿಯ ಸಾಲನ್ನು ಯಥಾವತ್ತಾಗಿ ಇಳಿಸಿಕೊಂಡಿದ್ದರು, ಅರ್ಥ ಯೋಚಿಸಿರಲಿಲ್ಲ. ಇಷ್ಟು ವರ್ಷದಲ್ಲಿ ನೂರಾರು ಜನ ಅದನ್ನು ಬಿಡಿಸಿದ್ದಾರೆ, ಯಾರೂ ಕೇಳಿಲ್ಲ ಎಂದರು. ಅವರ ಧ್ವನಿ ಶುಕ್ರವಾರದ ಹಾಗಿರಲಿಲ್ಲ.

“ಗ್ರಾಹಕರ ಕಡತ ಅಂದ್ರೆ?” ಎಂದೆ. “ಹಾಗಾದ್ರೆ ಅದು ನಿಜವಾದ ಕಂಪನಿ?”

“ಹೌದು.”

“ಹಳೇ ಘಟಕ?”

“ಮುಚ್ಚಿದ್ರು. ನಮ್ಮ ಸಲಹೆ ಮೇಲೆ.” ಎಂದರು. “ಅಲ್ಲಿದ್ದವರು ಏನಾದ್ರು ಅಂತ ನೀವು ಕೇಳೋ ಮೊದ್ಲೇ ಹೇಳ್ತೀನಿ. ನನಗೆ ಗೊತ್ತಿಲ್ಲ.”

ಚಿಕ್ಕಮ್ಮ ಹಾಜರಿ ಪುಸ್ತಕ ಎಂದಿದ್ದಳು. ಯಾರೋ ಎಣಿಸಿದ್ದರು.

ಹಿರಿಯರು ಆಮೇಲೆ ಕೆಲಸದ ಮಾತಿಗೆ ಬಂದರು. ನಾಳೆ ಹತ್ತು ಗಂಟೆಗೆ ಆಯ್ಕೆ ಸಮಿತಿ ಕೂರುತ್ತದೆ. ಶುಕ್ರವಾರ ಮೂವರೂ ಹಾಕಿದ ಅಂಕಗಳ ಪ್ರಕಾರ ನನ್ನ ಹೆಸರು ಮೇಲಿದೆ. ನನ್ನ ಕಾಗದ ಫೈಲಿನೊಳಗೆ ಹೋದರೆ ಸಮಿತಿ ಅದನ್ನು ಓದಲೇಬೇಕು. ಓದಿದರೆ ಪ್ರಶ್ನೆ ನನ್ನದಾಗಿ ಉಳಿಯುವುದಿಲ್ಲ, ಘಟಕ ಮುಚ್ಚಿಸಿದ ಆ ಹಳೆಯ ಸಲಹೆಯದ್ದಾಗುತ್ತದೆ. ಆಗ ಯಾರು ಯಾರ ಮೇಲೆ ಸಿಟ್ಟಾಗುತ್ತಾರೆ ಎಂದು ಅವರಿಗೂ ಹೇಳಲು ಬರುವುದಿಲ್ಲ. ಕಾಗದ ಅವರ ಹೆಸರಿಗೆ ಬಂದಿರುವುದರಿಂದ ಅದನ್ನು ಖಾಸಗಿ ಪತ್ರವೆಂದು ಇಟ್ಟುಕೊಳ್ಳಬಹುದು. ಮುಂದಿನ ಸಂದರ್ಶನಕ್ಕೆ ಹಾಳೆ ಬದಲಾಯಿಸುತ್ತಾರೆ. ತೀರ್ಮಾನ ನನ್ನದು.

ಇದೇ ನನಗೆ ಬೇಕಾಗಿದ್ದ ಕೋಣೆ. ಬಾಗಿಲು ತೆರೆದಿತ್ತು. ಒಂದು ಹೂಂ ಅಂದರೆ ಕುರ್ಚಿ ನನ್ನದು. ಮೂರು ಉಸಿರು ಎಳೆಯುವಷ್ಟು ಹೊತ್ತು ಹೂಂ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇರಲಿಲ್ಲ ಎಂದು ಬರೆದರೆ ಯಾರೂ ನಂಬಬೇಕಾಗಿಲ್ಲ. ಆದರೆ ಆ ಕುರ್ಚಿಯಲ್ಲಿ ಕೂತ ನನ್ನನ್ನು ಊಹಿಸಿಕೊಂಡಾಗ, ಒಬ್ಬರಿಗೊಬ್ಬರು ಗೊತ್ತಿದ್ದೂ ಗೊತ್ತಿಲ್ಲದಂತೆ ಕಾರಿಡಾರಿನಲ್ಲಿ ಎದುರಾಗುವ ನಾವಿಬ್ಬರು ಕಂಡೆವು, ಅವರೂ ನಾನೂ. ಬೇಡ ಅನಿಸಿತು. ಅವರ ಪಾಲಿಗೂ ಬೇಡ ಅನಿಸಿತು.

“ಫೈಲಿಗೆ ಹಾಕಿ,” ಎಂದೆ.

“ಯೋಚನೆ ಮಾಡಿ ಹೇಳಿ. ಸಂಜೆವರೆಗೆ ಟೈಮಿದೆ.”

“ಯೋಚನೆ ಮಾಡಿಯೇ ಬರೆದದ್ದು. ನಿಮಗೆ ಮಾತ್ರ ಹೇಳಬೇಕಾಗಿದ್ರೆ ಫೋನ್ ಮಾಡ್ತಿದ್ದೆ. ಮತ್ತೊಂದು ಮಾತು, ಸರ್. ಕಾಗದ ಪ್ರಶ್ನೆಗೆ ಉತ್ತರ ಕೊಡಲ್ಲ. ನಾಳೆ ಹತ್ತಕ್ಕೆ ನಾನೂ ಬರ್ತೀನಿ.”

“ಸಮಿತಿ ಮುಂದೆ ಅಭ್ಯರ್ಥಿಗಳನ್ನ ಕರೆಯೋ ಪದ್ಧತಿ ಇಲ್ಲ.”

“ಅಭ್ಯರ್ಥಿ ಅಂತ ಬರಲ್ಲ. ಲೆಕ್ಕ ಮಾಡಿದವಳು ಅಂತ ಬರ್ತೀನಿ. ಹೊರಗೆ ಕೂತಿರ್ತೀನಿ. ತೂಕ ಹೆಂಗೆ ತಗೊಂಡೆ ಅಂತ ಕೇಳಬೇಕು ಅನ್ನಿಸಿದ್ರೆ ಕರೀಲಿ. ಬೇಡ ಅಂದ್ರೆ ಎದ್ದು ಹೋಗ್ತೀನಿ. ಕೂರಬೇಡ ಅನ್ನೋ ಪದ್ಧತಿ ಏನಾದ್ರೂ ಇದೆಯಾ?”

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.

“ಹೊರಗಿನ ಕುರ್ಚಿ ಎ.ಸಿ. ಕೆಳಗೇ ಇದೆ,” ಎಂದರು. “ಬೆಚ್ಚಗಿರೋದು ಏನಾದ್ರೂ ಹಾಕ್ಕೊಂಡು ಬನ್ನಿ.”

ತೂಕದ ಕೋಣೆಗೆ ವಾಪಸು ಬಂದಾಗ ನಮ್ಮ ವಿಭಾಗದ ಮುಖ್ಯಸ್ಥರು ಉಗ್ರಾಣದ ಒಪ್ಪಿಗೆ ಪತ್ರ ಹಿಡಿದು ನಿಂತಿದ್ದರು. ಒಳ್ಳೆಯ ಮನುಷ್ಯ; ವಿಭಾಗ ಮುಚ್ಚುವ ಸುದ್ದಿ ಹೇಳಿದ ದಿನ ನಮಗಿಂತ ಅವರ ಮುಖವೇ ಸಣ್ಣಗಾಗಿತ್ತು. ನಾಳೆವರೆಗೆ ಯಾಕೆ ಎಳೆಯುತ್ತೀಯ, ಇವತ್ತೇ ಕೊಟ್ಟುಬಿಡು, ನಾನು ಹೇಳಿ ಕಿಟಕಿ ಹತ್ತಿರ ಇನ್ನೊಂದು ಮೇಜು ಹಾಕಿಸುತ್ತೇನೆ ಎಂದರು.

ಕಾಗದ ತೆಗೆದುಕೊಂಡೆ. ಒಪ್ಪಿಗೆ ಇದೆ, ಇಲ್ಲ ಎಂದು ಎರಡು ಚೌಕಗಳಿದ್ದವು. ನಾಳೆ ಸಮಿತಿ ನನ್ನನ್ನು ಒಳಗೆ ಕರೆಯುತ್ತದೋ, ಬಾಗಿಲಿನಿಂದಲೇ ಕಳಿಸುತ್ತದೋ ನನಗೆ ತಿಳಿಯದು. ಆದರೆ ಉಗ್ರಾಣದಲ್ಲಿ ಒಂದು ಕಾಲಿಟ್ಟುಕೊಂಡು ಸಮಿತಿಯ ಹೊರಗಿನ ಆ ಕುರ್ಚಿಯ ಮೇಲೆ ಕೂತರೆ ನಾನು ಅರ್ಧ ಮಾತ್ರ ಕೂತ ಹಾಗೆ. ಮುಚ್ಚಳ ಎಣಿಸುವವರು ಸಿಗುತ್ತಾರೆ. ತೂಕ ತಿಳಿದವಳಿಗೆ ಎಲ್ಲಾದರೂ ಒಂದು ಜಾಗ ಹುಡುಕಿಯೇ ತೀರುತ್ತೇನೆ, ಆ ಗಾಜಿನ ಬಾಗಿಲ ಹಿಂದೆ ಅಲ್ಲದಿದ್ದರೆ ಬೇರೊಂದರ ಹಿಂದೆ. ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ, ತಾರೀಕು ಬರೆದು, ಸಹಿ ಮಾಡಿದೆ.

ಸಂದರ್ಶನಕ್ಕೆ ರಜೆ ಕೊಟ್ಟಿದ್ದ ಮುಖ್ಯಸ್ಥರು ಕಾಗದ ನೋಡಿದರು, ನನ್ನನ್ನು ನೋಡಿದರು.

“ಆ ಕೆಲಸ ಸಿಕ್ತಾ?”

“ಗೊತ್ತಿಲ್ಲ ಸರ್.”

“ಗೊತ್ತಿಲ್ಲದೇ ಇದಕ್ಕೆ ಇಲ್ಲ ಅಂದ್ಯಾ?”

“ಹೌದು. ನಾಳೆ ಬೆಳಿಗ್ಗೆ ರಜಾ ಬೇಕು.”

ಅವರು ಜೇಬಿನಿಂದ ಪೆನ್ನು ತೆಗೆದು, ಎಷ್ಟು ಹೊತ್ತು ಎಂದು ಬರೆದುಕೊಳ್ಳಲಿ ಎಂದು ಕೇಳಿದರು.

“ಐದು ನಿಮಿಷಕ್ಕೆ ವಾಪಸ್ ಕಳಿಸಬಹುದು, ಸಂಜೆವರೆಗೂ ಕೂರಿಸಬಹುದು,” ಎಂದೆ. “ಸದ್ಯಕ್ಕೆ ಅರ್ಧ ದಿನ ಅಂತ ಬರ್ಕೊಳ್ಳಿ. ಜಾಸ್ತಿ ಆದ್ರೆ ಆಮೇಲೆ ತಿದ್ದೋಣ.”